ಕೋಟಾ ಹಾಳೆ, ಸಿಂಹದ ಮೂಗು, ವಾರ್ಡಿನ ಪಾಸ್‌ಬುಕ್: ಆಫ್ರಿಕಾದ ಟ್ರೋಫಿ ಬೇಟೆಯ ಲೆಕ್ಕಾಚಾರ

ಹಣ ಕೊಟ್ಟು ಬಂದ ಗಿರಾಕಿ ತಲೆ, ಕೊಂಬು, ದಂತವನ್ನು ನೆನಪಿಗೆ ಒಯ್ಯಲು ಪ್ರಾಣಿ ಹೊಡೆಯುವುದೇ ಟ್ರೋಫಿ ಬೇಟೆ. ಆಫ್ರಿಕಾದಲ್ಲಿ ಅದರ ಮೇಲಿನ ಜಗಳ ಹೆಚ್ಚಾಗಿ ಒಂದು ಫೋಟೊದಿಂದ ಶುರುವಾಗುತ್ತದೆ. ಸತ್ತು ಬಿದ್ದ ಸಿಂಹ, ಪಕ್ಕದಲ್ಲಿ ಕೋವಿ ಹಿಡಿದು ಹಲ್ಲು ಕಿರಿಯುತ್ತಿರುವ ಗಿರಾಕಿ. ನೋಡಿದವರಿಗೆ ಸಿಟ್ಟು ಬರುವುದು ಸಹಜ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಗುಂಡಿನಿಂದ ಕಾಡಿಗೆ ಲಾಭವಾಯಿತೋ ನಷ್ಟವಾಯಿತೋ ಎಂಬುದು ಫೋಟೊ ನೋಡಿ ಹೇಳುವ ಮಾತಲ್ಲ. ಆ ವರ್ಷದ ಕೋಟಾವನ್ನು, ಅಂದರೆ ಎಷ್ಟು ಪ್ರಾಣಿ ಹೊಡೆಯಬಹುದು ಎಂಬ ಮಿತಿಯನ್ನು, ಯಾವ ಎಣಿಕೆಯ ಮೇಲೆ ಕಟ್ಟಿದರು, ಸತ್ತ ಪ್ರಾಣಿಯ ವಯಸ್ಸೆಷ್ಟು, ಹಣ ಯಾರ ಖಾತೆಗೆ ಯಾವ ತಿಂಗಳಲ್ಲಿ ಬಿತ್ತು ಎಂದು ನೋಡಬೇಕು. ಇವು ಸರಿಯಿದ್ದ ಕಡೆ ಬೇಟೆ ನೆಲವನ್ನು ಉಳಿಸಿದೆ. ಇಲ್ಲದ ಕಡೆ ‘ಸುಸ್ಥಿರ’ ಎನ್ನುವುದು ಬ್ರೋಷರ್‌ನ ಅಲಂಕಾರ ಅಷ್ಟೇ.

ನೆಲದ ಮಾತನ್ನೇ ಮೊದಲು ಆಡಬೇಕು, ಏಕೆಂದರೆ ವಾದದ ಬುಡ ಅಲ್ಲಿದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸಹಾರಾದ ದಕ್ಷಿಣಕ್ಕೆ ಟ್ರೋಫಿ ಬೇಟೆಗೆ ಬಳಕೆಯಾಗುತ್ತಿದ್ದ ನೆಲವನ್ನು ಸುಮಾರು 14 ಲಕ್ಷ ಚದರ ಕಿಲೋಮೀಟರ್ ಎಂದು ಅಂದಾಜು ಮಾಡಿತು. ಅವೇ ದೇಶಗಳ ರಾಷ್ಟ್ರೀಯ ಉದ್ಯಾನಗಳನ್ನೆಲ್ಲ ಕೂಡಿಸಿದರೂ ಅಷ್ಟಾಗುವುದಿಲ್ಲ. ಇದರಲ್ಲಿ ಬಹುಪಾಲು ಸೆರೆಂಗೆಟಿಯಂಥ ಬಯಲಲ್ಲ. ಟಾಂಜಾನಿಯಾದ ಪಶ್ಚಿಮ ಮತ್ತು ದಕ್ಷಿಣ, ಮೊಜಾಂಬಿಕ್‌ನ ನಿಯಾಸ್ಸಾ, ಜಾಂಬಿಯಾದ ಬೇಟೆ ವಲಯಗಳು ಎಂದರೆ ಮೈಲಿಗಟ್ಟಲೆ ಒಂದೇ ಥರದ ಮಿಯೊಂಬೊ ಕಾಡು. ಐವತ್ತು ಮೀಟರ್ ಆಚೆ ಏನೂ ಕಾಣದು. ಟ್ಸೆಟ್ಸೆ ನೊಣ ಬಟ್ಟೆಯ ಮೇಲಿಂದಲೇ ಕಚ್ಚುತ್ತದೆ. ಅದು ಹರಡುವ ನಗಾನಾ ರೋಗಕ್ಕೆ ದನ ಸಾಯುತ್ತವೆ. ದನ ಸಾಯುತ್ತಿದ್ದುದರಿಂದಲೇ ಅಲ್ಲಿ ಇಷ್ಟು ದಿನ ಕಾಡು ಉಳಿಯಿತು. ದಿನಕ್ಕೆ ನಾಲ್ಕು ಪ್ರಾಣಿ ಕಂಡರೆ ಹೆಚ್ಚು ಎನ್ನುವ ಇಂಥ ಜಾಗಕ್ಕೆ ಕ್ಯಾಮೆರಾ ಹಿಡಿದ ಪ್ರವಾಸಿ ಬರುವುದಿಲ್ಲ, ಬಂದರೂ ಮತ್ತೆ ಬರುವುದಿಲ್ಲ. ಒಬ್ಬ ಬೇಟೆಗಾರ ಮಾತ್ರ ಒಂದು ಟೆಂಟಿನಲ್ಲಿ 21 ದಿನ ಕೂತು ಅದಕ್ಕೆ ಹತ್ತಾರು ಸಾವಿರ ಡಾಲರ್ ಕೊಡುತ್ತಾನೆ. ಒಳ್ಳೆಯ ಕಂಪನಿ ಆ ಹಣದಲ್ಲಿ ರಸ್ತೆ ಬಿಡಿಸುತ್ತದೆ, ಗಸ್ತು ನಡೆಸುತ್ತದೆ, ಉರುಳು ಕೀಳಿಸುತ್ತದೆ. ಕೆಟ್ಟ ಕಂಪನಿ ಸೀಸನ್ ಮುಗಿದ ಮರುದಿನ ಟೆಂಟ್ ಸುತ್ತಿಕೊಂಡು ಹೋಗುತ್ತದೆ, ಆರು ತಿಂಗಳು ಆ ನೆಲಕ್ಕೆ ಹೇಳುವವರು ಕೇಳುವವರು ಇರುವುದಿಲ್ಲ.

ಸಿಂಹಕ್ಕಾಗಲಿ ಆನೆಗಾಗಲಿ ಒಟ್ಟಾರೆ ದೊಡ್ಡ ಅಪಾಯ ಗಿರಾಕಿಯ ಗುಂಡಲ್ಲ. ಹೊಲ, ದನ, ತಂತಿ ಉರುಳು, ವಿಷ ಹಾಕಿದ ಹಸುವಿನ ಕಳೇಬರ, ಇವು. ಆದ್ದರಿಂದ ಬೇಟೆಯನ್ನು ತೂಗಬೇಕಾದ್ದು ಎಷ್ಟು ಪ್ರಾಣಿ ಕೊಂದರು ಎನ್ನುವುದರಿಂದಷ್ಟೇ ಅಲ್ಲ, ಎಷ್ಟು ನೆಲ ಹೊಲವಾಗದೆ ಉಳಿಯಿತು ಎನ್ನುವುದರಿಂದಲೂ. ಹಾಗೆಂದು ಕೊಲ್ಲುವ ಲೆಕ್ಕ ತಪ್ಪಿದರೂ ಪರವಾಗಿಲ್ಲ ಎನ್ನುವಂತಿಲ್ಲ. ಲೆಕ್ಕ ತಪ್ಪುವುದು ಎಲ್ಲಿ ಎನ್ನುವುದೇ ಈ ಬರಹದ ಮುಖ್ಯ ಭಾಗ.

ಕೋಟಾ ಹೇಗೆ ಹುಟ್ಟುತ್ತದೆ

ಆಫ್ರಿಕಾದ ದಕ್ಷಿಣ ಭಾಗದ ದೇಶಗಳಲ್ಲಿ ರೂಢಿಯಲ್ಲಿರುವ ಹೆಬ್ಬೆರಳ ಲೆಕ್ಕ ಹೀಗಿದೆ: ಆನೆಯಾದರೆ ಒಟ್ಟು ಸಂಖ್ಯೆಯ ಶೇ 0.5ರಿಂದ 0.7, ಕಾಡೆಮ್ಮೆ ಮತ್ತು ಸೇಬಲ್ ಜಿಂಕೆಗೆ ಶೇ 2ರ ಆಸುಪಾಸು. ಆನೆ ಸಂತತಿ ಒಳ್ಳೆಯ ಕಾಲದಲ್ಲಿ ವರ್ಷಕ್ಕೆ ಶೇ 5ರಷ್ಟು ಬೆಳೆಯಬಲ್ಲದು, ಹಾಗಿರುವಾಗ ಅರ್ಧ ಶೇಕಡಾ ಎಂದರೆ ತೀರ ಜಿಪುಣತನ ಅನ್ನಿಸಬಹುದು. ಆದರೆ ಗಿರಾಕಿಗೆ ಬೇಕಾದ್ದು ಯಾವುದೋ ಒಂದು ಆನೆಯಲ್ಲ, ದೊಡ್ಡ ದಂತದ ಸಲಗ. ಎರಡು ಸಾವಿರ ಆನೆಗಳ ಪೈಕಿ ಹೆಣ್ಣು, ಮರಿ, ಹರೆಯದ ಗಂಡು ಎಲ್ಲ ಕಳೆದರೆ ಅಂಥ ಸಲಗ ಉಳಿಯುವುದೇ ಬೆರಳೆಣಿಕೆಯಷ್ಟು. ಅರ್ಧ ಶೇಕಡಾ ಎಂದರೆ ವರ್ಷಕ್ಕೆ 10 ಸಲಗ. ಒಟ್ಟು ಸಂಖ್ಯೆಗೆ ಅದು ತಾಗುವುದೂ ಇಲ್ಲ. ದೊಡ್ಡ ದಂತದ ಗುಂಪು ಮಾತ್ರ ಕೆಲವೇ ವರ್ಷಗಳಲ್ಲಿ ಬರಿದಾಗಬಹುದು. ಇವೆರಡೂ ಬೇರೆ ಬೇರೆ ಸುಸ್ಥಿರತೆ. ಬೇಟೆ ಕಂಪನಿಗಳು ಒಂದನ್ನು ತೋರಿಸಿ ಇನ್ನೊಂದನ್ನು ಸಾಬೀತು ಮಾಡಿದಂತೆ ಮಾತಾಡುವುದುಂಟು.

ಆ ‘ಒಟ್ಟು ಸಂಖ್ಯೆ’ ಎಲ್ಲಿಂದ ಬಂತು? ಹೆಚ್ಚಾಗಿ ವಿಮಾನದಿಂದ. ಸಣ್ಣ ವಿಮಾನ ನೆಲದಿಂದ ಸುಮಾರು 300 ಅಡಿ ಎತ್ತರದಲ್ಲಿ ನೇರ ಗೆರೆಗಳ ಮೇಲೆ ಹಾರುತ್ತದೆ. ರೆಕ್ಕೆಯ ಆಧಾರ ಕಂಬಕ್ಕೆ ಎರಡು ಕಡ್ಡಿ ಕಟ್ಟಿರುತ್ತಾರೆ. ಆ ಎತ್ತರದಲ್ಲಿ ಕಡ್ಡಿಗಳ ನಡುವೆ ಕಾಣುವ ನೆಲದ ಅಗಲ ಒಂದೊಂದು ಬದಿಗೆ ಸುಮಾರು 150 ಮೀಟರ್ ಬರುವಂತೆ ಮೊದಲೇ ಹೊಂದಿಸಿಕೊಳ್ಳುತ್ತಾರೆ. ಕಡ್ಡಿಗಳ ನಡುವೆ ಬಿದ್ದ ಪ್ರಾಣಿಯನ್ನು ಮಾತ್ರ ಎಣಿಸಬೇಕು. ಆಚೆ ಇನ್ನೂರು ಆನೆ ಸಾಲಾಗಿ ನಿಂತಿದ್ದರೂ ಲೆಕ್ಕಕ್ಕಿಲ್ಲ.

ಒಂದು ಉದಾಹರಣೆ ಹಾಕಿ ನೋಡೋಣ. ಗೆರೆಗಳ ನಡುವೆ 5 ಕಿಲೋಮೀಟರ್ ಅಂತರ, ಎರಡೂ ಬದಿ ಸೇರಿ ಕಾಣುವ ಪಟ್ಟಿ 300 ಮೀಟರ್ ಎಂದರೆ ನೋಡಿದ್ದು ನೆಲದ ಶೇ 6 ಮಾತ್ರ. 60 ಆನೆ ಕಂಡರೆ ವರದಿಯಲ್ಲಿ 1,000 ಎಂದಾಗುತ್ತದೆ. 30 ಆನೆಗಳ ಒಂದು ಹಿಂಡು ಮರದ ನೆರಳಿನಲ್ಲಿ ಕಣ್ತಪ್ಪಿದರೆ 500 ಮಾಯ. ಕಾಡೆಮ್ಮೆಯ ಕತೆ ಇನ್ನೂ ಫಜೀತಿ: 400ರ ಒಂದೇ ಮಂದೆ ಪಟ್ಟಿಯೊಳಗೆ ಸಿಕ್ಕರೆ ಅಂದಾಜಿಗೆ ಆರೂವರೆ ಸಾವಿರ ಸೇರಿಕೊಳ್ಳುತ್ತದೆ, ಸಿಗದಿದ್ದರೆ ಸೊನ್ನೆ. ಅದಕ್ಕೇ ಒಳ್ಳೆಯ ವರದಿಯಲ್ಲಿ ಸಂಖ್ಯೆಯ ಪಕ್ಕದಲ್ಲಿ ಏರಿಳಿತದ ಮಿತಿಯೂ ಅಚ್ಚಾಗಿರುತ್ತದೆ. ಕೋಟಾ ಬರೆಯುವವರು ಆ ಮಿತಿಯ ಕೆಳಗಿನ ತುದಿಯನ್ನು ಹಿಡಿಯಬೇಕು. ಬಹಳ ಸಲ ಹಿಡಿಯುವುದು ನಡುವಿನ ಅಂಕಿಯನ್ನು. ಎಣಿಕೆಯೇ ಏಳೆಂಟು ವರ್ಷ ಹಳೆಯದಾಗಿದ್ದರಂತೂ ಯಾವ ತುದಿ ಹಿಡಿದರೂ ಅಷ್ಟೇ.

ಜಿಂಬಾಬ್ವೆಯಲ್ಲಿ 1990ರ ದಶಕದಲ್ಲಿ ಬೆಳೆದ ಒಂದು ವಿಧಾನ ನನಗೆ ಇವತ್ತಿಗೂ ಅತ್ಯಂತ ಪ್ರಾಮಾಣಿಕ ಎನಿಸುತ್ತದೆ. ಹಳ್ಳಿಯವರು, ಬೇಟೆ ಕಂಪನಿ, ಜಿಲ್ಲಾ ಕೌನ್ಸಿಲ್, ಅರಣ್ಯದವರು ಒಂದೇ ಕೋಣೆಯಲ್ಲಿ ಕೂತು ಒಂದೊಂದು ಪ್ರಾಣಿಗೂ ಒಂದು ಕೋಷ್ಟಕ ಹಾಕುತ್ತಾರೆ. ವಿಮಾನ ಎಣಿಕೆ ಏರಿದೆಯೋ ಇಳಿದಿದೆಯೋ, ಒಂದು ಬಾಣದ ಗುರುತು. ಹಳ್ಳಿಯವರು ಕಾಲ್ನಡಿಗೆಯಲ್ಲಿ ಎಣಿಸಿದ್ದು, ಇನ್ನೊಂದು ಬಾಣ. ಕಳೆದ ವರ್ಷಗಳ ಕೊಂಬಿನ ಅಳತೆ ಅಥವಾ ದಂತದ ತೂಕ, ಮತ್ತೊಂದು. ಒಂದು ಪ್ರಾಣಿ ಹೊಡೆಯಲು ಸರಾಸರಿ ಎಷ್ಟು ದಿನ ಓಡಾಡಬೇಕಾಯಿತು, ಅದಕ್ಕೂ ಒಂದು. ಮೊದಲ ಮೂರು ಬಾಣ ಮೇಲಿದ್ದು ಓಡಾಟದ ದಿನಗಳ ಬಾಣ ಕೆಳಗಿದ್ದರೆ ಕೋಟಾ ಒಂದೆರಡು ಏರಿಸಬಹುದು. ವಿಮಾನದ ಬಾಣ ಮೇಲಿದ್ದು ದಂತದ ತೂಕ ಕೆಳಗಿದ್ದರೆ ಸಂಖ್ಯೆ ಚೆನ್ನಾಗಿದೆ, ದೊಡ್ಡ ಸಲಗ ಮುಗಿಯುತ್ತಿದೆ ಎಂದರ್ಥ, ಆಗ ಇಳಿಸಬೇಕು. ಓಡಾಟದ ದಿನಗಳು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಎಣಿಕೆ ಏನೇ ಹೇಳಲಿ, ಇಳಿಸಬೇಕು. ಓದು ಬರಹ ಬಾರದವರಿಗೂ ಅರ್ಥವಾಗುವ ಕೋಷ್ಟಕ ಇದು, ಅದಕ್ಕೇ ಮೋಸ ಮಾಡುವುದು ಕಷ್ಟ.

ಮೋಸ ಬೇರೆ ಬಾಗಿಲಿನಿಂದ ಬರುತ್ತದೆ. ಟಾಂಜಾನಿಯಾದಲ್ಲಿ ಬಹುಕಾಲ ಒಂದು ನಿಯಮವಿತ್ತು: ಬ್ಲಾಕ್, ಅಂದರೆ ಗುತ್ತಿಗೆಯ ಬೇಟೆ ವಲಯ, ಹಿಡಿದ ಕಂಪನಿ ಹೊಡೆಯಲಿ ಬಿಡಲಿ, ಕೋಟಾದ ಮೌಲ್ಯದ ಶೇ 40ರಷ್ಟನ್ನು ಸರ್ಕಾರಕ್ಕೆ ಕಟ್ಟಲೇಬೇಕು. ಆಗ ಕೋಟಾ ದೊಡ್ಡದಾದಷ್ಟೂ ಸರ್ಕಾರದ ಆದಾಯ ದೊಡ್ಡದು, ಕಂಪನಿಗೋ ಹೇಗಿದ್ದರೂ ಹಣ ಕೊಟ್ಟಾಗಿದೆ, ಹೊಡೆದುಬಿಡೋಣ ಎಂಬ ಒತ್ತಡ. ಗಡಿಯ ಎರಡೂ ಬದಿಯ ಬ್ಲಾಕ್‌ಗಳು ಅತ್ತಿಂದಿತ್ತ ಓಡಾಡುವ ಅದೇ ಸಲಗಗಳ ಮೇಲೆ ಬೇರೆ ಬೇರೆ ಕೋಟಾ ಬರೆಸಿಕೊಳ್ಳುವುದು ಇನ್ನೊಂದು ಬಗೆ. ಬೆಳೆ ಹಾಳು ಮಾಡಿತೆಂದು ಕೊಂದ ಆನೆಯನ್ನು ಕೋಟಾದಲ್ಲಿ ಕಳೆಯದೇ ಇರುವುದು ಮೂರನೆಯದು.

ಸಿಂಹಕ್ಕೆ ಏಕೆ ಆರು ವರ್ಷ

ಸಿಂಹದ ವಿಷಯದಲ್ಲಿ ಸಂಖ್ಯೆಗಿಂತ ವಯಸ್ಸೇ ಮುಖ್ಯ. ಗಂಡು ಸಿಂಹ ನಾಲ್ಕೈದು ವರ್ಷಕ್ಕೆ ಜತೆಗಾರರೊಂದಿಗೆ ಒಂದು ಹೆಣ್ಣುಗುಂಪನ್ನು ವಶಮಾಡಿಕೊಳ್ಳುತ್ತದೆ. ವಶವಾದ ಕೂಡಲೇ ಹಿಂದಿನ ಗಂಡಿನ ಚಿಕ್ಕ ಮರಿಗಳನ್ನು ಕೊಲ್ಲುತ್ತದೆ, ದೊಡ್ಡವನ್ನು ಓಡಿಸುತ್ತದೆ. ತನ್ನ ಮರಿಗಳು ಸ್ವಂತವಾಗಿ ಬದುಕುವಷ್ಟು ಬೆಳೆಯಲು ಸುಮಾರು ಎರಡು ವರ್ಷ ಬೇಕು. ಅಷ್ಟರೊಳಗೆ ಆ ಗಂಡನ್ನು ಹೊಡೆದರೆ ಹೊಸ ಗಂಡು ಬರುತ್ತದೆ, ಮರಿಗಳು ಮತ್ತೆ ಸಾಯುತ್ತವೆ. ಕಾಗದದ ಮೇಲೆ ಒಂದು ಸಿಂಹ, ಕಾಡಿನಲ್ಲಿ ಒಂದು ಪೀಳಿಗೆ. ಇಬ್ಬರು ಜತೆಗಾರರಲ್ಲಿ ಒಂದನ್ನು ಹೊಡೆದರೂ ಸಾಕು, ಉಳಿದದ್ದು ಹೆಚ್ಚಾಗಿ ಗುಂಪನ್ನು ಕಾಪಾಡಿಕೊಳ್ಳಲಾರದು.

2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧ, ಸೆರೆಂಗೆಟಿಯ ದಶಕಗಳ ದಾಖಲೆಯನ್ನಿಟ್ಟುಕೊಂಡು ಕಂಪ್ಯೂಟರ್ ಮಾದರಿ ಮಾಡಿತು. ಗಂಡಿಗೆ ಸಾಕಷ್ಟು ವಯಸ್ಸಾಗುವ ತನಕ ಕೈಹಚ್ಚದಿದ್ದರೆ, ಆಮೇಲೆ ಹೊಡೆಯುವುದರಿಂದ ಸಂತತಿಗೆ ಹೇಳಿಕೊಳ್ಳುವಂಥ ಪೆಟ್ಟಿಲ್ಲ ಎಂದು ತೋರಿಸಿತು. ನಿಯಾಸ್ಸಾ ಆ ದಶಕದಲ್ಲೇ ಆರು ವರ್ಷದ ನಿಯಮ ತಂದಿತು; ಟಾಂಜಾನಿಯಾ 2010ರಲ್ಲಿ, ಜಿಂಬಾಬ್ವೆ ಆಮೇಲೆ. ನಿಯಾಸ್ಸಾದ ಚಾಣಾಕ್ಷತನ ದಂಡದಲ್ಲಿಲ್ಲ, ಅಂಕದಲ್ಲಿದೆ. ಆರು ದಾಟಿದ ಸಿಂಹ ಹೊಡೆದ ಕಂಪನಿಗೆ ಪೂರ್ತಿ ಅಂಕ, ಎಳೆಯದನ್ನು ಹೊಡೆದರೆ ಕಡಿತ. ಮುಂದಿನ ವರ್ಷದ ಕೋಟಾ ಆ ಅಂಕದ ಮೇಲೆ ನಿಂತಿದೆ. ಒಂದೂ ಹೊಡೆಯದೆ ಸುಮ್ಮನಿದ್ದರೂ ಕೋಟಾ ಉಳಿಯುತ್ತದೆ. ‘ಬೇಡ, ಇದು ಎಳೆಯದು’ ಎಂದು ಗಿರಾಕಿಯ ಕೋವಿ ಕೆಳಗಿಳಿಸುವ ಧೈರ್ಯ ಗಿರಾಕಿಯನ್ನು ಕರೆದೊಯ್ಯುವ ಪ್ರೊಫೆಷನಲ್ ಹಂಟರ್‌ಗೆ ಬರುವುದು ಇಂಥ ನಿಯಮದಿಂದಲೇ.

ಈಗ ನಿಜವಾದ ಕಷ್ಟಕ್ಕೆ ಬರೋಣ. ಅರವತ್ತು ಮೀಟರ್ ದೂರದಲ್ಲಿ, ಮುಸ್ಸಂಜೆಯ ಬೆಳಕಿನಲ್ಲಿ, ಎರೆಯ ಮಾಂಸ ಕಟ್ಟಿದ ಮರದ ಕೆಳಗೆ ನಿಂತ ಸಿಂಹಕ್ಕೆ ಆರಾಯಿತೆಂದು ಹೇಳುವುದು ಹೇಗೆ? ಮೊದಲು ಮೂಗು. ಮರಿಯಲ್ಲಿ ನಸುಗೆಂಪಾಗಿರುವ ಮೂಗಿನ ತುದಿಗೆ ವಯಸ್ಸಾದಂತೆ ಕಪ್ಪು ಚುಕ್ಕೆಗಳು ಬಂದು ಕೂಡಿಕೊಳ್ಳುತ್ತವೆ. ಸೆರೆಂಗೆಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪಾಗಿದ್ದರೆ ಐದು ದಾಟಿದೆ ಎಂದು ಹಿಡಿಯಬಹುದು. ಆಮೇಲೆ ಮುಖ: ಗಾಯದ ಗೆರೆಗಳು, ಜೋತುಬಿದ್ದ ಕೆನ್ನೆ, ಸಡಿಲವಾಗಿ ಇಳಿಬಿದ್ದ ಕೆಳತುಟಿ. ಬಾಯಿ ತೆರೆದಾಗ ಹಳದಿಗಟ್ಟಿದ, ತುದಿ ಮುರಿದ ಕೋರೆಹಲ್ಲು. ಮೂರ್ನಾಲ್ಕು ವರ್ಷದ ಎಳೆಯನಿಗೆ ಹಣೆಯ ಮೇಲೆ ಕೇಸರ ತುಂಬಿರುವುದಿಲ್ಲ, ತಲೆಯ ಮೇಲೆ ಕುಚ್ಚಿನಂತೆ ನಿಂತಿರುತ್ತದೆ. ಕಾಲಿನ ಒಳಭಾಗದಲ್ಲಿ ಮರಿಯ ಚುಕ್ಕೆ ಇನ್ನೂ ಕಾಣುತ್ತದೆ.

ಇವುಗಳಲ್ಲಿ ಯಾವುದನ್ನೂ ಒಂಟಿಯಾಗಿ ನಂಬಬಾರದು. ಎತ್ತರದ, ತಣ್ಣನೆಯ ಜಾಗದಲ್ಲಿ ಕೇಸರ ಬೇಗ ದಟ್ಟವಾಗುತ್ತದೆ. ನಿಯಾಸ್ಸಾದ ಸೆಖೆಯಲ್ಲಿ ಎಂಟು ವರ್ಷದ ಸಿಂಹಕ್ಕೂ ಕೇಸರ ತೆಳುವೇ. ಮೂಗಿನ ಬಣ್ಣವೂ ಪ್ರದೇಶದಿಂದ ಪ್ರದೇಶಕ್ಕೆ ಬದಲು, ಸೆರೆಂಗೆಟಿಯ ಪಟ್ಟಿಯನ್ನು ಇನ್ನೊಂದು ದೇಶಕ್ಕೆ ಹಾಗೇ ಒಯ್ಯುವಂತಿಲ್ಲ. ಎರೆಯ ಹತ್ತಿರ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಹಗಲಿನಲ್ಲಿ ಮುಖದ ಫೋಟೊ ತೆಗೆದು, ಕ್ಯಾಂಪಿನಲ್ಲಿ ದೊಡ್ಡದು ಮಾಡಿ ನೋಡಿದ ಮೇಲೆ ಮರುದಿನ ನಿರ್ಧಾರ ಮಾಡುವವರು ತಪ್ಪುವುದು ಕಡಿಮೆ. ಹೊಡೆದ ಮೇಲೆ ತಲೆಬುರುಡೆ ಒಪ್ಪಿಸಬೇಕು. ಮೇಲ್ದವಡೆಯ ಎರಡನೇ ಮುಂದವಡೆ ಹಲ್ಲಿನ ಎಕ್ಸ್‌ರೇಯಲ್ಲಿ ಒಳಗಿನ ಟೊಳ್ಳು ಎಷ್ಟು ಮುಚ್ಚಿದೆ ನೋಡಿದರೆ ವಯಸ್ಸು ಗೊತ್ತಾಗುತ್ತದೆ. ತಪ್ಪು ಹುಟ್ಟುವ ಹೊತ್ತು ಮಾತ್ರ ಬಹುಮಟ್ಟಿಗೆ ಒಂದೇ: 21 ದಿನದ ಸಫಾರಿಯ 19ನೇ ದಿನ. ಹಣ ಕೊಟ್ಟವನ ಮುಖ ಬಿಗಿಯುತ್ತಿರುತ್ತದೆ, ಎರೆಗೆ ಬಂದದ್ದು ಐದು ವರ್ಷದ್ದು, ಟಿಪ್ಸ್ ಕಣ್ಣ ಮುಂದೆ ಸುಳಿಯುತ್ತದೆ.

2015ರ ಜುಲೈನಲ್ಲಿ ಜಿಂಬಾಬ್ವೆಯ ಹ್ವಾಂಗೆ ಉದ್ಯಾನದ ಅಂಚಿನಲ್ಲಿ ಬೇಟೆಗೆ ಸತ್ತ ಸೆಸಿಲ್ ಎಂಬ ಹೆಸರಾಂತ ಸಿಂಹಕ್ಕೆ ಸುಮಾರು 13 ವರ್ಷ. ವಯಸ್ಸಿನ ನಿಯಮದಲ್ಲಿ ಅದು ಸಲೀಸಾಗಿ ಪಾಸಾಗುತ್ತಿತ್ತು ಎನ್ನುವುದನ್ನು ಎರಡೂ ಪಕ್ಷದವರು ಮರೆಯುತ್ತಾರೆ. ಅಲ್ಲಿ ಎಡವಿದ್ದು ಜಾಗದ ವಿಷಯ: ಆ ಜಮೀನಿಗೆ ಆ ವರ್ಷ ಸಿಂಹದ ಕೋಟಾ ಇರಲಿಲ್ಲ ಎಂದು ಜಿಂಬಾಬ್ವೆಯ ಅಧಿಕಾರಿಗಳು ಹೇಳಿದರು. ಉದ್ಯಾನದ ಗಡಿಯ ಬೇಟೆ ಏನು ಮಾಡುತ್ತದೆ ಎಂಬುದಕ್ಕೆ ಹ್ವಾಂಗೆಯಲ್ಲಿ ಅದಕ್ಕೂ ಹಿಂದೆಯೇ ಸಾಕ್ಷ್ಯವಿತ್ತು. ಅಲ್ಲಿ ಗುರುತು ಹಾಕಿದ 62 ಸಿಂಹಗಳಲ್ಲಿ ಅಧ್ಯಯನದ ಅವಧಿಯಲ್ಲಿ 34 ಸತ್ತವು, ಅವುಗಳಲ್ಲಿ 24 ಬೇಟೆಗಾರರ ಗುಂಡಿಗೆ. ಗಡಿಯಲ್ಲಿ ಒಂದು ಗಂಡು ಸತ್ತರೆ ಖಾಲಿಯಾದ ಜಾಗಕ್ಕೆ ಒಳಗಿನ ಗಂಡು ಬರುತ್ತದೆ, ಅದೂ ಗುಂಡಿಗೆ ಸಿಗುತ್ತದೆ. ಹೊರಗಿನ ಬ್ಲಾಕ್ ಸದಾ ತುಂಬಿರುವಂತೆ ಕಾಣುವುದು ಇದರಿಂದ.

ಚಿರತೆಯದು ಸಂಕ್ಷಿಪ್ತವಾಗಿ. ಗಂಡನ್ನು ಮಾತ್ರ ಹೊಡೆಯಬೇಕು ಎಂಬ ನಿಯಮವಿದ್ದ ಟಾಂಜಾನಿಯಾದಲ್ಲಿ ಟ್ರೋಫಿಗಳ ಡಿಎನ್‌ಎ ಪರೀಕ್ಷಿಸಿದಾಗ ಕಾಲು ಭಾಗಕ್ಕಿಂತ ಹೆಚ್ಚು ಹೆಣ್ಣು ಎಂದು ತಿಳಿಯಿತು. ಮಬ್ಬು ಬೆಳಕಿನಲ್ಲಿ, ಕೊಂಬೆಯ ಮೇಲೆ ಕಂಡದ್ದನ್ನು ನೋಡಿ ನಿರ್ಧರಿಸಿದರೆ ಇನ್ನೇನಾಗುತ್ತದೆ? ಹಿಂದಿನಿಂದ ತೆಗೆದ ಕ್ಯಾಮೆರಾ ಟ್ರ್ಯಾಪ್ ಚಿತ್ರವಿಲ್ಲದೆ ಚಿರತೆಗೆ ಗುರಿ ಇಡುವವರ ಜತೆ ಹೋಗಲೇಬಾರದು.

ಕಾಡೆಮ್ಮೆಯಲ್ಲಿ ತಪ್ಪು ಕಾಣುವುದು ಹಣೆಯ ಮೇಲೆ. ಎರಡು ಕೊಂಬಿನ ಬುಡ ಕೂಡುವ ಜಾಗಕ್ಕೆ ಬಾಸ್ ಎನ್ನುತ್ತಾರೆ. ಎಂಟು ವರ್ಷ ಆಗುವವರೆಗೂ ಅದು ಪೂರ್ತಿ ಗಟ್ಟಿಯಾಗಿರುವುದಿಲ್ಲ, ನಡುವೆ ಕೂದಲು, ಮೆದು ಅಂಚು ಕಾಣುತ್ತದೆ. ಆದರೆ ಕೊಂಬಿನ ಅಗಲ ಅತಿ ಹೆಚ್ಚಿರುವುದು ಆ ಹೊತ್ತಿನಲ್ಲೇ, ತುದಿ ಸವೆಯುವ ಮೊದಲು. ಅಗಲಕ್ಕೆ ಬಹುಮಾನ ಕೊಡುವ ದಾಖಲೆ ಪುಸ್ತಕಗಳು ಹೀಗೆ ದಶಕಗಳ ಕಾಲ ಸಂತಾನ ಕೊಡುವ ವಯಸ್ಸಿನ ಗಂಡನ್ನೇ ಹೊಡೆಸಿವೆ. ಮಂದೆ ಬಿಟ್ಟು ಕೆಸರು ಮೆತ್ತಿಕೊಂಡು ಎರಡು ಮೂರರ ಗುಂಪಿನಲ್ಲಿ ಓಡಾಡುವ, ‘ಡಗ್ಗಾ ಬಾಯ್’ ಎಂದು ಕರೆಯುವ ಮುದಿ ಗಂಡು, ಸವೆದ ತುದಿ, ಕಲ್ಲಿನಂಥ ಬಾಸ್, ಅದನ್ನೇ ಹುಡುಕಬೇಕು. ಅಳತೆಪಟ್ಟಿಗೆ ಅದು ಸಣ್ಣದಾಗಿ ಕಾಣುತ್ತದೆ, ಇರಲಿ.

ಆನೆಯ ವಿಷಯದಲ್ಲಿ ಬೇಟೆಯ ಪರ ಇರುವವರ ವಾದವೇ ನನಗೆ ಒಪ್ಪಿಗೆಯಾಗುವುದಿಲ್ಲ. ‘ಮುದಿ ಸಲಗ ಸಂತಾನಕ್ಕೆ ಬಾರದು’ ಎಂಬ ಮಾತು ಸಿಂಹಕ್ಕೆ ಒಪ್ಪಬಹುದು, ಕಾಡೆಮ್ಮೆಗೂ ಒಪ್ಪಬಹುದು. ಆನೆಯಲ್ಲಿ ಉಲ್ಟಾ. ಕೀನ್ಯಾದ ಅಂಬೊಸೆಲಿ ಉದ್ಯಾನದ ದಾಖಲೆಗಳಲ್ಲಿ ನಲವತ್ತು ದಾಟಿ ಮದವೇರಿದ ಸಲಗಗಳೇ ಅತಿ ಹೆಚ್ಚು ಮರಿಗಳ ತಂದೆ. ದಂತವೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತದೆ, ಅಂದರೆ ಗಿರಾಕಿ ಹುಡುಕುವುದೂ ಹೆಣ್ಣಾನೆ ಒಪ್ಪುವುದೂ ಒಂದೇ ಸಲಗವನ್ನು. 2023ರ ಸೆಪ್ಟೆಂಬರ್‌ನಿಂದ ಅಂಬೊಸೆಲಿಯ ಸಲಗಗಳನ್ನು ಗಡಿ ದಾಟಿದಾಗ ಟಾಂಜಾನಿಯಾದ ಬದಿಯಲ್ಲಿ ಹೊಡೆದದ್ದು ಇದೇ ಕಾರಣಕ್ಕೆ ದೊಡ್ಡ ಜಗಳವಾಯಿತು. ಕಾನೂನಿನಲ್ಲಿ ಅವಕಾಶವಿತ್ತು, ಜೀವಶಾಸ್ತ್ರದಲ್ಲಿ ಆ ಕೆಲವೇ ಸಲಗಗಳ ಬೆಲೆ ಶೇ 0.5ರ ಸೂತ್ರಕ್ಕೆ ಸಿಗುವಂಥದ್ದಲ್ಲ.

ಹಣ ಎಲ್ಲಿಗೆ ಹೋಯಿತು

ವನ್ಯಜೀವಿಯಿಂದ ಬಂದ ಆದಾಯವನ್ನು ಹಳ್ಳಿಗಳಿಗೆ ಹಂಚುವ ಜಿಂಬಾಬ್ವೆಯ ಕ್ಯಾಂಪ್‌ಫೈರ್ ಯೋಜನೆ 1989ರ ಸುಮಾರಿಗೆ ಶುರುವಾದದ್ದು. ಅದರ ಹಂಚಿಕೆಯ ಸೂತ್ರದಲ್ಲಿ ಶೇ 55 ಹಳ್ಳಿಗಳ ವಾರ್ಡಿಗೆ, 26 ವನ್ಯಜೀವಿ ನಿರ್ವಹಣೆಗೆಂದು ಜಿಲ್ಲಾ ಕೌನ್ಸಿಲ್‌ಗೆ, 15 ಕೌನ್ಸಿಲ್‌ನ ಲೆವಿ, 4 ಕ್ಯಾಂಪ್‌ಫೈರ್ ಸಂಘಕ್ಕೆ. ಒಂದು ಆನೆಗೆ 10,000 ಡಾಲರ್ ಬಂತು ಎಂದುಕೊಳ್ಳಿ. ವಾರ್ಡಿಗೆ 5,500. ಐನೂರು ಮನೆಗಳಿದ್ದರೆ ಮನೆಗೆ 11 ಡಾಲರ್. ಒಂದೇ ರಾತ್ರಿ ಆನೆ ತಿಂದು ಹೋದ ಜೋಳದ ಬೆಲೆ ಅದಕ್ಕಿಂತ ಹೆಚ್ಚು. ಹಾಗಾಗಿ ಜನಸಂಖ್ಯೆ ಕಡಿಮೆ, ಪ್ರಾಣಿ ಹೆಚ್ಚು ಇರುವ ವಾರ್ಡುಗಳಲ್ಲಿ ಈ ಸೂತ್ರ ಕೆಲಸ ಮಾಡಿತು. ಜನ ವಲಸೆ ಬಂದು ತುಂಬಿದ ಕಡೆ ಕರಗಿಹೋಯಿತು. ಎರಡನೇ ರೋಗ ಕೌನ್ಸಿಲ್. ಹಣ ಮೊದಲು ಅವರ ಕೈಗೆ ಬರುತ್ತಿದ್ದರಿಂದ ಸಂಬಳಕ್ಕೆ, ಡೀಸೆಲ್‌ಗೆ ಕರಗಿ ವಾರ್ಡಿಗೆ ತಡವಾಗಿ, ಕಡಿಮೆಯಾಗಿ ತಲುಪುತ್ತಿತ್ತು. 2007ರಿಂದ ಕಂಪನಿಗಳು ನೇರವಾಗಿ ವಾರ್ಡಿನ ಖಾತೆಗೆ ಕಟ್ಟುವ ಪದ್ಧತಿ ಬಂದದ್ದು ಅದಕ್ಕೇ.

ನಮೀಬಿಯಾ 1996ರ ಕಾನೂನಿನಿಂದ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಗಡಿ ಗುರುತಿಸಿ, ಸದಸ್ಯರ ಪಟ್ಟಿ, ಸಮಿತಿ, ಸಂವಿಧಾನ ಮಾಡಿಕೊಂಡ ಸಮುದಾಯವೇ ಕನ್ಸರ್ವೆನ್ಸಿ ಎಂದು ನೋಂದಾಯಿಸಿಕೊಂಡು ಬೇಟೆಯ, ಪ್ರವಾಸೋದ್ಯಮದ ಆದಾಯಕ್ಕೆ ಹಕ್ಕುದಾರ. ನಡುವೆ ಕೌನ್ಸಿಲ್ ಇಲ್ಲ. ಮೊದಲ ನಾಲ್ಕು 1998ರಲ್ಲಿ ನೋಂದಣಿಯಾದವು, ಈಗ 86 ಇವೆ, ದೇಶದ ಸುಮಾರು ಐದನೇ ಒಂದು ಭಾಗ ನೆಲ. ಅಲ್ಲಿನ ಕಾವಲುಗಾರರು ಜೇಬಿನಲ್ಲಿಟ್ಟುಕೊಳ್ಳುವ ‘ಇವೆಂಟ್ ಬುಕ್’ ನೋಡುವಂಥದ್ದು: ಪ್ರಾಣಿಯ ಚಿತ್ರ, ಮುಂದೆ ಚೌಕ, ಕಂಡಾಗ ಒಂದು ಗೆರೆ. ತಿಂಗಳ ಕೊನೆಗೆ ಗೆರೆಗಳನ್ನು ಗೋಡೆಯ ಹಾಳೆಗೆ ವರ್ಗಾಯಿಸಿದರೆ ಊರಿಗೆಲ್ಲ ಕಾಣುವ ಸ್ತಂಭ ಚಿತ್ರ. ಕಂಪ್ಯೂಟರ್ ಇಲ್ಲದೆ ನಡೆಯುವುದರಿಂದ ದಾನಿಗಳ ಹಣ ನಿಂತರೂ ಪುಸ್ತಕ ನಿಲ್ಲುವುದಿಲ್ಲ. ಈ ಕನ್ಸರ್ವೆನ್ಸಿಗಳ 1998ರಿಂದ 2013ರ ಲೆಕ್ಕ ತೆಗೆದು ನೋಡಿದ ಅಧ್ಯಯನದಲ್ಲಿ ಬೇಟೆಯ ಆದಾಯ ಸುಮಾರು ಮೂರನೇ ವರ್ಷಕ್ಕೇ ಬರುತ್ತಿತ್ತು, ಪ್ರವಾಸಿ ಲಾಡ್ಜ್‌ನದು ಆರನೇ ವರ್ಷಕ್ಕೆ. ಬೇಟೆಯ ಹಣ ನೇರ ನಗದು ಮತ್ತು ಮಾಂಸ, ಲಾಡ್ಜ್‌ನದು ಹೆಚ್ಚಾಗಿ ಸಂಬಳ. ಯಾವುದು ಮೇಲು ಎನ್ನುವುದಕ್ಕಿಂತ, ಮೊದಲ ಮೂರು ವರ್ಷ ಜನರ ಸಹನೆಗೆ ಏನು ಕೊಡುತ್ತೀರಿ ಎಂಬುದು ಪ್ರಶ್ನೆ.

ಖಡ್ಗಮೃಗದ ಉದಾಹರಣೆಗೆ ಎರಡು ಮುಖ. ದಕ್ಷಿಣ ಆಫ್ರಿಕಾದಲ್ಲಿ 1968ರಲ್ಲಿ ಬಿಳಿ ಖಡ್ಗಮೃಗದ ಬೇಟೆ ಮತ್ತೆ ಶುರುವಾದಾಗ ಸುಮಾರು 1,800 ಇದ್ದವು, 2010ರ ಹೊತ್ತಿಗೆ 18,000 ದಾಟಿದ್ದವು. ಖಾಸಗಿ ಜಮೀನುದಾರರಿಗೆ ಸಾಕಲು ಕಾರಣ ಸಿಕ್ಕಿತು. ಅದೇ ಪರವಾನಗಿ ವ್ಯವಸ್ಥೆಯಲ್ಲಿ ಕೊಂಬಿನ ಕಳ್ಳ ವ್ಯಾಪಾರಿಗಳು ಕೋವಿ ಹಿಡಿಯಲೂ ಬಾರದವರನ್ನು ‘ಬೇಟೆಗಾರ’ರೆಂದು ಕಳಿಸಿ ಕಾನೂನುಬದ್ಧವಾಗಿ ಕೊಂಬು ಒಯ್ದರು. 2012ರಲ್ಲಿ ವಿಯೆಟ್ನಾಂ ನಾಗರಿಕರಿಗೆ ಪರವಾನಗಿ ನಿಲ್ಲಿಸಿದ ಮೇಲೆ ಆ ದಾರಿ ಕಿರಿದಾಯಿತು. ಬೇಲಿಯೊಳಗೆ ಸಾಕಿದ ಸಿಂಹವನ್ನು ಬಿಟ್ಟು ಹೊಡೆಯುವ ‘ಕ್ಯಾನ್ಡ್’ ಬೇಟೆಗಂತೂ ಸಂರಕ್ಷಣೆಯ ಲೆಕ್ಕದಲ್ಲಿ ಜಾಗವೇ ಇಲ್ಲ. ಅದು ಒಂದು ಎಕರೆ ಕಾಡನ್ನೂ ಹಿಡಿದಿಟ್ಟುಕೊಂಡಿಲ್ಲ.

ನಿಷೇಧ ಹಾಕಿದರೆ

ಕೀನ್ಯಾ 1977ರಲ್ಲಿ ಬೇಟೆ ನಿಲ್ಲಿಸಿತು. ಆ ವರ್ಷದಿಂದ 2016ರವರೆಗೆ ಅಲ್ಲಿನ ವನ್ಯಜೀವಿ ಸಂಖ್ಯೆ ಸರಾಸರಿ ಶೇ 68 ಕುಸಿಯಿತು. ಬೇಟೆ ಕಂಪನಿಗಳು ಈ ಅಂಕಿಯನ್ನು ಝಂಡಾದಂತೆ ಬೀಸುತ್ತವೆ. ಅದೇ ಅವಧಿಯಲ್ಲಿ ಜನ, ಕುರಿ, ಮೇಕೆ, ಬೇಲಿ ಎಲ್ಲ ಹೆಚ್ಚಿದ್ದನ್ನು ಹೇಳುವುದಿಲ್ಲ. ಇತ್ತ ಟಾಂಜಾನಿಯಾದ ಸೆಲೂಸ್ ನೋಡಿ: ಬಹುಪಾಲು ಬೇಟೆ ಬ್ಲಾಕ್‌ಗಳೇ ಇದ್ದ ಆ ಅಭಯಾರಣ್ಯದ ಭಾಗದಲ್ಲಿ 2009ರಲ್ಲಿ ಸುಮಾರು 39,000 ಇದ್ದ ಆನೆ 2013ರಲ್ಲಿ 13,000ಕ್ಕೆ ಇಳಿಯಿತು. ದಂತಕಳ್ಳರ ಮುಂದೆ ಬೇಟೆ ಕಂಪನಿಗಳ ಗಸ್ತು ಸಾಲಲಿಲ್ಲ. ಬೇಟೆ ಇದ್ದಲ್ಲಿ ಕಾವಲು ಇರುತ್ತದೆ ಎಂಬ ಮಾತನ್ನು ಪುರಾವೆ ಕೇಳದೆ ಒಪ್ಪಬಾರದು ಎನ್ನಲು ಇಷ್ಟು ಸಾಕು.

ಬೋಟ್ಸ್ವಾನಾ 2014ರಲ್ಲಿ ನಿಷೇಧ ಹಾಕಿ 2019ರಲ್ಲಿ ತೆಗೆಯಿತು. ಸಾಂಕುಯೊದಂಥ ಹಳ್ಳಿಗಳ ಆದಾಯ ನಿಂತಿತ್ತು, ಬದಲಿಗೆ ಬರಬೇಕಾಗಿದ್ದ ಪ್ರವಾಸಿ ಕ್ಯಾಂಪುಗಳು ನೀರು, ನದಿ ಇರುವ ಕಡೆ ಮಾತ್ರ ಬಂದವು. 2020ರ ಫೆಬ್ರುವರಿಯಲ್ಲಿ ಹತ್ತು ಹತ್ತು ಆನೆಗಳ ಏಳು ಕಟ್ಟು ಹರಾಜಿಗಿಟ್ಟರು, ಆರು ಹೋದವು. 1.3 ಲಕ್ಷ ಆನೆಗಳಿರುವ ದೇಶದಲ್ಲಿ ಅದು ಸಂಖ್ಯೆ ನಿಯಂತ್ರಣವಲ್ಲ, ಹಳ್ಳಿಯ ಆದಾಯ. ರಾಜಕಾರಣಿಗಳು ಎರಡನ್ನೂ ಕಲಸಿ ಮಾತಾಡುತ್ತಾರೆ.

ಅಮೆರಿಕ 2014ರ ಏಪ್ರಿಲ್‌ನಲ್ಲಿ ಜಿಂಬಾಬ್ವೆ, ಟಾಂಜಾನಿಯಾದ ಆನೆ ಟ್ರೋಫಿಗಳ ಆಮದು ನಿಲ್ಲಿಸಿ, 2016ರಲ್ಲಿ ಸಿಂಹದ ಆಮದಿಗೂ ಬಿಗಿ ಷರತ್ತು ಹಾಕಿದ ಮೇಲೆ ಟಾಂಜಾನಿಯಾದ ಹಲವು ಕಂಪನಿಗಳು ಬ್ಲಾಕ್‌ಗಳನ್ನು ವಾಪಸ್ ಕೊಟ್ಟವು. ವಾಪಸಾದ ಬ್ಲಾಕ್‌ಗೆ ಮರುವರ್ಷ ಬರುವುದು ಇದ್ದಿಲು ಸುಡುವವರು, ಆಮೇಲೆ ದನ. ನಿಷೇಧ ಬೇಡವೆಂದಲ್ಲ. ಹಾಕುವ ಮುನ್ನ ಆ ನೆಲದ ಗಸ್ತಿನ ಸಂಬಳ ಮುಂದಿನ ತಿಂಗಳಿಂದ ಯಾರು ಕೊಡುತ್ತಾರೆ ಎಂದು ಹೆಸರು ಬರೆದಿಡಬೇಕು.

ಯಾವುದಾದರೂ ಬೇಟೆ ಕಂಪನಿಯ ಮಾತನ್ನು ತೂಗಿ ನೋಡುವ ಸಂದರ್ಭ ಬಂದರೆ, ಸಂಶೋಧಕರಾಗಿರಲಿ ಪತ್ರಕರ್ತರಾಗಿರಲಿ, ಕೇಳಬೇಕಾದ ಕಾಗದ ಹೆಚ್ಚಿಲ್ಲ. ಕೊನೆಯ ಎಣಿಕೆಯ ವರದಿ, ಏರಿಳಿತದ ಮಿತಿಯ ಸಮೇತ. ಕಳೆದ ಮೂರು ಸೀಸನ್ನಿನ ಸಿಂಹ ತಲೆಬುರುಡೆಗಳ ವಯಸ್ಸಿನ ಪಟ್ಟಿ. ಅದರಲ್ಲಿ ಎಲ್ಲವೂ ಸರಿಯಾಗಿ ಆರೇ ಎಂದಿದ್ದರೆ ಅನುಮಾನಪಡಿ, ನಿಜವಾದ ಪಟ್ಟಿಯಲ್ಲಿ ಐದೂ ಇರುತ್ತದೆ, ಎಂಟೂ ಇರುತ್ತದೆ. ವಾರ್ಡಿನ ಅಥವಾ ಕನ್ಸರ್ವೆನ್ಸಿಯ ಪಾಸ್‌ಬುಕ್, ಕಂಪನಿಯ ರಸೀದಿ ಅಲ್ಲ. ಮೊಜಾಂಬಿಕ್‌ನ ಕೌಟಾಡಾ 11 ಎಂಬ ಬೇಟೆ ವಲಯದಂಥ ಕಡೆ 2018ರಲ್ಲಿ 24 ಸಿಂಹಗಳನ್ನು ತಂದು ಬಿಟ್ಟದ್ದು ಬೇಟೆಯ ಹಣದ ಕಾವಲಿದ್ದ ನೆಲದಲ್ಲಿ. ಹಾಗೆ ಸೀಸನ್ ಮುಗಿದ ಮೇಲೂ ಗಸ್ತು ಇತ್ತೇ ಎಂದು ತಿಳಿಯಲು ಮಳೆಗಾಲದ ಗಸ್ತಿನ ಡೈರಿ ಬೇಕು. ಎಷ್ಟು ಉರುಳು ಕಿತ್ತಿರಿ ಎಂದಷ್ಟೇ ಕೇಳಿದರೆ ದೊಡ್ಡ ಅಂಕಿ ಹೇಳಿ ಕಳಿಸುತ್ತಾರೆ. ಎಷ್ಟು ಕಿಲೋಮೀಟರ್ ನಡೆದದ್ದಕ್ಕೆ ಎಷ್ಟು ಉರುಳು ಎಂದು ಕೇಳಿ. ನಡಿಗೆ ಅಷ್ಟೇ ಇದ್ದು ಉರುಳು ವರ್ಷದಿಂದ ವರ್ಷಕ್ಕೆ ಇಳಿದಿದ್ದರೆ ಗಸ್ತು ಕೆಲಸ ಮಾಡಿದೆ. ಎರಡೂ ಇಳಿದಿದ್ದರೆ ಯಾರೂ ನಡೆಯುತ್ತಿಲ್ಲ.